ಏಳನೇ ಮನೆಯ ಪದ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಭಜನೆ ಮಂಡಳಿಗಳ ಹಾಡಿನ ಪುಸ್ತಕ ಸಿಕ್ಕರೆ ಒಮ್ಮೆ ತಿರುವಿ ನೋಡಿ. ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಬರೆದು, ಎದುರಿಗೆ ಯಾವುದೋ ಹಳೆಯ ಸಿನಿಮಾ ಹಾಡಿನ ಮೊದಲ ಮಾತನ್ನು ಅಚ್ಚು ಹಾಕಿರುತ್ತಾರೆ. ಕೆಳಗಿರುವುದು ಘಾಟಿ ಸುಬ್ರಹ್ಮಣ್ಯನ ಮೇಲಿನ ಹಾಡು. ನಾಯಕಿಯ ನಗೆ ಇದ್ದ ಕಡೆ ಸ್ವಾಮಿಯ ಪಾದ ಬಂದಿರುತ್ತದೆ, ಚಂದಿರ ಇದ್ದ ಕಡೆ ನವಿಲು ಬಂದಿರುತ್ತದೆ, ‘ಬಾರೆ’ ಇದ್ದ ಕಡೆ ‘ಬಾರೋ’ ಆಗಿರುತ್ತದೆ. ರಾಗ, ತಾಳ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲವೂ ಇದ್ದಹಾಗೇ ಇವೆ, ಪದ ಮಾತ್ರ ಬೇರೆ. ಹಾರ್ಮೋನಿಯಂ ಮುಂದೆ ಕೂತವರು ಕಣ್ಣು ಮುಚ್ಚಿ ಹಾಡುತ್ತಾರೆ, ಕೇಳುವವರ ಕಣ್ಣಲ್ಲೂ ನೀರು ಬರುತ್ತದೆ. ಈ ಹಾಡುಗಳನ್ನು ಬರೆದವರ ಹೆಸರು ಎಷ್ಟೋ ಸಲ ಪುಸ್ತಕದಲ್ಲಿ ಇರುವುದೇ ಇಲ್ಲ. ಇದ್ದರೂ ಅವರನ್ನು ಯಾರೂ ಪ್ರಯೋಗಶೀಲ ಕವಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಕರೆಯಬೇಕಾಗಿತ್ತು.

ಕವಿತೆಯಲ್ಲಿ ಒಂದು ಪದ ತೆಗೆದು ಇನ್ನೊಂದು ಪದ ಇಟ್ಟು ಏನಾಗುತ್ತದೆಂದು ನೋಡುವ ವಿದ್ಯೆಯ ಬಗ್ಗೆ ಮಾತಾಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಈ ಮಾತು ಎತ್ತಿದರೆ ಸಾಹಿತ್ಯದ ಸ್ನೇಹಿತರು ಕೂಡಲೇ ಪ್ಯಾರಿಸ್ಸಿನ ಹೆಸರು ಹೇಳುತ್ತಾರೆ. ಹೇಳಲಿ, ಅದೂ ಬರುತ್ತದೆ. ಆದರೆ ನಮ್ಮ ಕಡೆಯ ಮದುವೆ ಮನೆಯನ್ನು ಮೊದಲು ನೋಡಿಬಿಡೋಣ.

ಹಸೆಗೆ ಕರೆಯುವ ಪದ, ಆರತಿ ಪದ, ಅರಿಸಿನದ ಪದ, ಇವೆಲ್ಲ ಜಾಗ ಬಿಟ್ಟು ಕಟ್ಟಿದ ಹಾಡುಗಳು. ಮದುಮಗಳ ಹೆಸರು, ಅವಳ ತವರಿನ ಹೆಸರು, ಸೋದರಮಾವನ ಹೆಸರು ಬರಬೇಕಾದ ಕಡೆ ಆಯಾ ಮದುವೆಯವರ ಹೆಸರು ಬಂದು ಕೂರಬೇಕು. ತೂಬಗೆರೆಯ ಹುಡುಗಿಗೆ ಹಾಡಿದ ಪದವನ್ನೇ ಸೂಲಿಬೆಲೆಯ ಹುಡುಗಿಗೂ ಹಾಡಬೇಕು. ಹಿಂದೆಲ್ಲ ಗೌರಿ, ಲಕ್ಷ್ಮಿ, ನಂಜಿ ಎಂದು ಚಿಕ್ಕ ಹೆಸರುಗಳಿದ್ದವು, ಈಗಿನ ಹೆಸರುಗಳು ಉದ್ದ. ಹೊಸಕೋಟೆಯ ಹತ್ತಿರದ ಹಳ್ಳಿಯೊಂದರ ಮದುವೆಯಲ್ಲಿ ಸೋಬಾನೆ ಹೇಳುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ: “ಅಜ್ಜಿ, ಹುಡುಗಿ ಹೆಸರು ಇಷ್ಟುದ್ದ ಐತಲ್ಲ, ಪದದೊಳಕ್ಕೆ ಹೆಂಗೆ ಹಿಡಿಸ್ತೀರ?” ಅಜ್ಜಿ ಎಲೆ ಅಡಿಕೆ ಒಂದು ಕಡೆಗೆ ಸರಿಸಿಕೊಂಡು ಹೇಳಿದರು: “ಉದ್ದ ಇದ್ರೆ ನುಂಗ್ಕೊಂಡು ಹೇಳೋದು, ಗಿಡ್ಡ ಇದ್ರೆ ಎಳ್ಕೊಂಡು ಹೇಳೋದು ಕಣಪ್ಪ. ಪದ ನಿಲ್ಲಬಾರದು ನೋಡು, ಅಷ್ಟೇಯ.”

ಪದ ನಿಲ್ಲಬಾರದು. ಛಂದಸ್ಸಿನ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಲಕ್ಷ್ಮಿ ಎಂದರೆ 3 ಮಾತ್ರೆ, ವಿಜಯಲಕ್ಷ್ಮಿ ಎಂದರೆ 6. ಮೂರು ಮಾತ್ರೆಯ ಜಾಗಕ್ಕೆ ಆರು ಮಾತ್ರೆಯ ಹೆಸರನ್ನು ಕೂರಿಸುವಾಗ ಅಜ್ಜಿಯ ಗಂಟಲು ಎಲ್ಲಿ ಕುಗ್ಗಬೇಕು, ಎಲ್ಲಿ ಹಿಗ್ಗಬೇಕೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಲೆಕ್ಕ ಹಾಕುತ್ತಿದ್ದೇನೆ ಎಂಬ ಅರಿವೂ ಅವರಿಗೆ ಬೇಕಾಗಿಲ್ಲ.

ಈಗ ಪ್ಯಾರಿಸ್ಸಿಗೆ ಹೋಗೋಣ. 1960ರಲ್ಲಿ ರೇಮೋಂ ಕೆನೋ ಎಂಬ ಸಾಹಿತಿ ಮತ್ತು ಫ್ರಾನ್ಸ್ವಾ ಲ ಲಿಯೊನೆ ಎಂಬ ಗಣಿತಪ್ರಿಯ ಸೇರಿ ಅಲ್ಲೊಂದು ಕೂಟ ಕಟ್ಟಿದರು, ಅದರ ಹೆಸರು ಊಲಿಪೊ. ಬರೆಯುವವನು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡು ಬರೆದರೆ ಭಾಷೆ ಯಾವ ಹೊಸ ದಾರಿ ಹಿಡಿಯುತ್ತದೆ ಎಂದು ಹುಡುಕುವುದು ಅವರ ಕೆಲಸ. ಕೆನೋ 1961ರಲ್ಲಿ 10 ಸುನೀತಗಳ ಒಂದು ಪುಸ್ತಕ ಹೊರತಂದರು. ಒಂದೊಂದರಲ್ಲೂ 14 ಸಾಲು, ಒಂದೊಂದು ಸಾಲನ್ನೂ ಬೇರೆ ಬೇರೆ ಪಟ್ಟಿಯಾಗಿ ಕತ್ತರಿಸಿದ್ದರು. ಯಾವ ಸುನೀತದ ಯಾವ ಸಾಲನ್ನು ಬೇಕಾದರೂ ಇನ್ನೊಂದರ ಅದೇ ಸಾಲಿನ ಜಾಗಕ್ಕೆ ತರಬಹುದು. ಹೀಗೆ ಹುಟ್ಟಬಹುದಾದ ಸುನೀತಗಳು ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು. ಆ ಕೂಟದವರೇ ಆದ ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ಇ’ ಎಂಬ ಅಕ್ಷರವನ್ನು ಒಮ್ಮೆಯೂ ಬಳಸದೆ ಇಡೀ ಕಾದಂಬರಿ ಬರೆದರು. ನಮ್ಮ ವಿಷಯಕ್ಕೆ ಹತ್ತಿರ ಬರುವವರು ಇನ್ನೊಬ್ಬರು, ಝಾಂ ಲೆಸ್ಕ್ಯೂರ್. ಅವರ ಸೂತ್ರ ತೀರ ಸರಳ: ಒಂದು ಕವಿತೆ ತೆಗೆದುಕೊಳ್ಳಿ; ಅದರ ಪ್ರತಿಯೊಂದು ನಾಮಪದವನ್ನೂ ನಿಘಂಟಿನಲ್ಲಿ ಹುಡುಕಿ; ಅಲ್ಲಿಂದ ಎಣಿಸಿಕೊಂಡು ಹೋಗಿ ಏಳನೆಯ ನಾಮಪದವನ್ನು ತಂದು ಹಳೆಯದರ ಜಾಗದಲ್ಲಿಡಿ.

ನಿಘಂಟಿನ ಬೀದಿಯಲ್ಲಿ ಏಳನೇ ಮನೆ. ನಮ್ಮ ಜ್ಯೋತಿಷಿಗಳು ಮದುವೆ ನೋಡುವುದೂ ಏಳನೇ ಮನೆಯಲ್ಲೇ ಎಂಬುದು ನೆನಪಾಗಿ ನನಗೆ ಈ ಸೂತ್ರದ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು.

ಕನ್ನಡದಲ್ಲಿ ಇದನ್ನು ಮಾಡಿ ನೋಡಲು ಒಳ್ಳೆಯ ನಿಘಂಟು ಬೇಕು. ನಮಗೆ ಆ ಬಡತನವಿಲ್ಲ. 1894ರಲ್ಲಿ ಬಂದ ಕಿಟ್ಟೆಲ್ ಕೋಶ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ. ಪರಿಷತ್ತಿನ ಆ ಕೆಲಸಕ್ಕೆ ಬಹುಕಾಲ ಹೆಗಲು ಕೊಟ್ಟ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ‘ಮರ’ ಎಂಬ ಪದ ತೆಗೆದುಕೊಂಡು ಮುಂದಕ್ಕೆ ಬೆರಳಾಡಿಸಿ. ಮರಕತ, ಮರಗೆಲಸ, ಮರಡಿ, ಮರಣ, ಮರಳು, ಮರಿ, ಮರೀಚಿಕೆ, ಮರುಳ, ಮರೆವು. ಒಂದೇ ಬೀದಿಯಲ್ಲಿ ಇವರೆಲ್ಲ ಅಕ್ಕಪಕ್ಕದವರು. ಮರದ ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಮರಣದ ಮನೆ. ಇದನ್ನು ಯಾವ ಕವಿಯೂ ಹೂಡಿದ್ದಲ್ಲ, ಅಕಾರಾದಿಯೇ ಹೂಡಿದ್ದು.

ಆದರೆ ಲೆಸ್ಕ್ಯೂರ್ ಸೂತ್ರವನ್ನು ಇದ್ದಹಾಗೇ ಕನ್ನಡಕ್ಕೆ ತಂದರೆ ಅದು ಮೊದಲ ಹೆಜ್ಜೆಗೇ ಎಡವುತ್ತದೆ. ಫ್ರೆಂಚಿನಲ್ಲಿ ನಾಮಪದ ಹೆಚ್ಚುಕಡಿಮೆ ತನ್ನ ಪಾಡಿಗೆ ತಾನಿರುತ್ತದೆ, ಸಂಬಂಧ ಹೇಳುವ ಮಾತುಗಳು ಹೊರಗೆ ನಿಂತಿರುತ್ತವೆ. ಕನ್ನಡದಲ್ಲಿ ವಿಭಕ್ತಿ ಪದದ ಮೈಗೇ ಅಂಟಿಕೊಂಡಿರುತ್ತದೆ, ಅಂಟುವ ಬಗೆಯೂ ಪದದಿಂದ ಪದಕ್ಕೆ ಬೇರೆ. ಮರದಲ್ಲಿ, ಮರಿಯಲ್ಲಿ, ಮರುಳನಲ್ಲಿ, ಮರೆವಿನಲ್ಲಿ: ನಾಲ್ಕು ಪದಕ್ಕೆ ನಾಲ್ಕು ತೆರನ ಜೋಡಣೆ. ಮರದಲ್ಲಿ, ಮರಿಯಲ್ಲಿ ಎರಡೂ 5 ಮಾತ್ರೆ. ಮರುಳನಲ್ಲಿ, ಮರೆವಿನಲ್ಲಿ ಎರಡೂ 6. ನಾಮಪದ ಕರ್ತೃವಾಗಿದ್ದರಂತೂ ಸಾಲಿನ ತುದಿಯ ಕ್ರಿಯಾಪದವನ್ನೂ ಎಳೆದಾಡುತ್ತದೆ. ಮರ ಬಿದ್ದಿತು, ಮರುಳ ಬಿದ್ದನು. ಒಂದು ಪದ ಬದಲಿಸಿದ್ದೇವೆ ಅಂದುಕೊಂಡರೆ ಇಡೀ ವಾಕ್ಯ ಎದ್ದು ಬೇರೆ ಕಡೆ ತಿರುಗಿ ಕೂತಿರುತ್ತದೆ.

ಹಾಗಾಗಿ ಕನ್ನಡಕ್ಕೆ ಸೂತ್ರವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಏಳೇ ಆಗಬೇಕೆಂಬ ಹಟ ಬೇಡ. ಅದೇ ಬೀದಿಯಲ್ಲಿ ಮುಂದಕ್ಕೆ ಹೋಗುತ್ತ, ವಿಭಕ್ತಿ ಹಚ್ಚಿದ ಮೇಲೂ ಹಳೆಯ ಪದದಷ್ಟೇ ಮಾತ್ರೆ ತೂಗುವ ನಾಮಪದ ಎಲ್ಲಿ ಸಿಕ್ಕುತ್ತದೋ ಅಲ್ಲಿ ನಿಲ್ಲಬೇಕು. ಅಜ್ಜಿ ಹೇಳಿದ ಮಾತೇ ಇದು, ಪದ ನಿಲ್ಲಬಾರದು. ಇನ್ನೊಬ್ಬರ ಕವಿತೆಯ ಮೇಲೆ ಕೈಮಾಡಲು ನನಗೆ ಮನಸ್ಸಿಲ್ಲದ ಕಾರಣ ಪ್ರಯೋಗಕ್ಕೆಂದೇ ಎರಡು ಸಾಲು ಕಟ್ಟಿದೆ.

ಕೆರೆಯ ಏರಿಯ ಮೇಲೆ ನಡೆದೆನು
ಮರದ ನೆರಳಲಿ ಹೊತ್ತು ಕಳೆದೆನು

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ನಡೆ. ಎರಡನೆಯ ಅಕ್ಷರದಲ್ಲಿ ರಕಾರದ ಪ್ರಾಸ. ದೊಡ್ಡ ಕವಿತೆಯೇನಲ್ಲ, ಈ ಸೀಮೆಯಲ್ಲಿ ಯಾರು ಬೇಕಾದರೂ ಒಂದು ಸಂಜೆ ಮಾಡಬಹುದಾದ ಕೆಲಸದ ವರದಿ. ಈಗ ಮೊದಲ ಸಾಲಿನ ನಾಮಪದಗಳನ್ನು ನಿಘಂಟಿನ ಬೀದಿಗೆ ಬಿಟ್ಟೆ. ಕೆರೆಯ ಮುಂದೆ ಕೆರೆತ ಸಿಕ್ಕಿತು, ಏರಿಯಿಂದ ಮುಂದೆ ಏಲಕ್ಕಿ ಸಿಕ್ಕಿತು. ಕೆರೆತದ ಏಲಕ್ಕಿಯ ಮೇಲೆ ನಡೆಯುವುದು ಹೇಗೆ? ಅರ್ಥವೂ ಇಲ್ಲ, ಮಾತ್ರೆಯೂ ಇಲ್ಲ. ಆ ಸಾಲು ಬಿದ್ದುಹೋಯಿತು. ಎರಡನೆಯ ಸಾಲಿಗೆ ಬಂದೆ. ಮರದಿಂದ ಮರಳಿಗೆ, ನೆರಳಿನಿಂದ ನೆರೆಗೆ, ಹೊತ್ತಿನಿಂದ ಹೊನ್ನಿಗೆ.

ಮರಳ ನೆರೆಯಲಿ ಹೊನ್ನು ಕಳೆದೆನು

ಮಾತ್ರೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪ್ರಾಸ ಅಲ್ಲೇ ಇದೆ. ‘ಕಳೆದೆನು’ ಎಂಬ ಕ್ರಿಯಾಪದವನ್ನು ಮುಟ್ಟಿಯೇ ಇಲ್ಲ, ಆದರೂ ಅದು ಒಳಗಿಂದೊಳಗೇ ಬೇರೆಯಾಗಿಬಿಟ್ಟಿದೆ. ಮೊದಲು ಅದು ಹೊತ್ತು ಹೋಗುವ ನೆಮ್ಮದಿಯ ಮಾತಾಗಿತ್ತು, ಈಗ ಕೈಯಿಂದ ಜಾರಿದ್ದರ ದುಃಖದ ಮಾತು. ಆಮೇಲೆ ಆ ಸಾಲು ಹೇಳುತ್ತಿರುವುದೇನೆಂದು ಹೊಳೆದಾಗ ನಾನು ಸುಮ್ಮನೆ ಕೂತೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಸೀಮೆಯಲ್ಲಿ ‘ಫಿಲ್ಟರ್ ಮರಳು’ ಎಂದರೆ ಎಲ್ಲರಿಗೂ ಗೊತ್ತು. ಕೆರೆಯಂಗಳದ ಮಣ್ಣನ್ನೂ ಹೊಲದ ಮೇಲ್ಮಣ್ಣನ್ನೂ ಬಗೆದು, ನೀರಲ್ಲಿ ತೊಳೆದು ಮರಳು ಬೇರ್ಪಡಿಸಿ, ರಾತ್ರೋರಾತ್ರಿ ಲಾರಿಗೆ ತುಂಬಿ ನಗರಕ್ಕೆ ಸಾಗಿಸುವ ದಂಧೆ. ಕಟ್ಟಡಕ್ಕೆ ಮರಳು ಸಿಕ್ಕಿತು, ರಾಗಿ ಬೆಳೆಯುತ್ತಿದ್ದ ಮಣ್ಣು ಹೋಯಿತು. ಇದರ ಬಗ್ಗೆ ಕವಿತೆ ಬರೆಯಬೇಕೆಂದು ಕೂತಿದ್ದರೆ ನನ್ನಿಂದ ಒಂದು ಭಾಷಣ ಬರುತ್ತಿತ್ತು. ನಿಘಂಟಿನ ಬೀದಿ ನಾಲ್ಕೇ ಪದದಲ್ಲಿ ಅದನ್ನು ಹೇಳಿಸಿತು.

ಇದರಲ್ಲಿ ಅದೃಷ್ಟದ ಜೊತೆಗೆ ಕನ್ನಡದ ಸ್ವಭಾವವೂ ಇದೆ. ನಮ್ಮ ಹಳೆಯ ಕವಿಗಳು ಕಡ್ಡಾಯವೆಂದು ಪಾಲಿಸಿದ ಆದಿಪ್ರಾಸ ನಿಲ್ಲುವುದು ಪಾದದ ಎರಡನೆಯ ಅಕ್ಷರದ ವ್ಯಂಜನದ ಮೇಲೆ. ಅಕಾರಾದಿಯಲ್ಲಿ ಅಕ್ಕಪಕ್ಕ ಇರುವ ಪದಗಳಿಗೆ ಮೊದಲ ಅಕ್ಷರ ಹೇಗೂ ಒಂದೇ, ಎರಡನೆಯ ವ್ಯಂಜನವೂ ಬಹಳ ಸಲ ಒಂದೇ. ಅಂದರೆ ನಿಘಂಟಿನಲ್ಲಿ ನೆರೆಹೊರೆಯ ಪದವನ್ನು ತಂದಿಟ್ಟರೆ ಪ್ರಾಸ ತಾನಾಗಿಯೇ ಉಳಿಯುವ ಸಂಭವ ಹೆಚ್ಚು. ಸಾಲಿನ ಕೊನೆಯಲ್ಲಿ ಪ್ರಾಸ ಇಡುವ ಭಾಷೆಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಏಳನೇ ಮನೆಯ ಪದ ಬಂದರೆ ಅಂತ್ಯಪ್ರಾಸ ಸಾಮಾನ್ಯವಾಗಿ ಹೋಗಿಯೇಬಿಡುತ್ತದೆ. ಲೆಸ್ಕ್ಯೂರ್ ಸೂತ್ರಕ್ಕೆ ಫ್ರೆಂಚಿಗಿಂತ ಕನ್ನಡದ ಪ್ರಾಸವೇ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರಿಗೆ ಮಗ್ಗದ ಸದ್ದು ಗೊತ್ತಿರುತ್ತದೆ. ಮನೆಯ ಮುಂಭಾಗದಲ್ಲಿ ವಾಸ, ಹಿಂಭಾಗದಲ್ಲಿ ಪವರ್‌ಲೂಮು. ಬೀಮಿನಿಂದ ಇಳಿದು ಬಂದ ಹಾಸು ಬಿಗಿಯಾಗಿ ಎಳೆದುಕೊಂಡು ನಿಂತಿರುತ್ತದೆ. ಲಾಳಿಯೊಳಗಿನ ಕಂಡಿಕೆ ಬದಲಾದರೆ ಹೊಕ್ಕಿನ ಬಣ್ಣ ಬದಲಾಗುತ್ತದೆ. ಮೇಲೆ ಜಕಾರ್ಡಿನಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಬದಲಾದರೆ ಸೆರಗಿನ ಮೇಲಿನ ನವಿಲು ಹೋಗಿ ಮಾವಿನಕಾಯಿ ಬರುತ್ತದೆ. ಫ್ರಾನ್ಸಿನ ಲಿಯೋಂ ಊರಿನ ಝಕಾರ್ 1804ರ ಸುಮಾರಿಗೆ ರೂಪಿಸಿದ ಯಂತ್ರ ಅದು. ಪದ ಬದಲಾಯಿಸುವ ಕೆಲಸವೂ ಹೀಗೆಯೇ. ಮಾತ್ರೆ, ಪ್ರಾಸ, ವಿಭಕ್ತಿ ಎಂಬ ಹಾಸು ಹರಿಯದೆ ಇದ್ದರೆ ಹೊಕ್ಕನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಿ ನೋಡಬಹುದು.

ಮಗ್ಗದ ಈ ಊರಿನಲ್ಲಿ, ನೇಕಾರರ ಮನೆಯಲ್ಲಿ 1954ರಲ್ಲಿ ಹುಟ್ಟಿದವರು ವಿಮರ್ಶಕ ಡಿ.ಆರ್. ನಾಗರಾಜ್. 44 ವರ್ಷಕ್ಕೇ, 1998ರಲ್ಲಿ, ಹೋಗಿಬಿಟ್ಟರು. ಅವರು ಹೋದ ಮೇಲೆ ಹೊರಬಂದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಓದುವಾಗಲೆಲ್ಲ ನನಗೆ ಬೆಡಗಿನ ವಚನಗಳ ಹಳೆಯ ಟೀಕೆಗಳು ನೆನಪಾಗುತ್ತವೆ. ಬೆಡಗಿನ ವಚನದಲ್ಲಿ ಒಂದು ಮೃಗ ಬರುತ್ತದೆ, ಒಂದು ಮರ ಬರುತ್ತದೆ, ತಲೆಕೆಳಗಾದ ಒಂದು ಲೋಕ ಬರುತ್ತದೆ. ಟೀಕಾಕಾರರು ಕೀಲಿಕೈ ಕೊಡುತ್ತಾರೆ: ಇದೆಂದರೆ ಮನಸ್ಸು, ಅದೆಂದರೆ ದೇಹ, ಮತ್ತೊಂದೆಂದರೆ ಮಾಯೆ. ಅದೂ ಪದ ಬದಲಾಯಿಸುವ ಕೆಲಸವೇ. ಆ ಕೀಲಿಕೈ ಹಿಡಿದು ಮೃಗದ ಜಾಗದಲ್ಲಿ ಮನಸ್ಸು, ಮರದ ಜಾಗದಲ್ಲಿ ದೇಹ ಎಂದು ತುಂಬಿಕೊಂಡು ಓದಿ ನೋಡಿ. ತತ್ವ ಪೂರ್ತಿ ಉಳಿಯುತ್ತದೆ, ವಚನ ಉಳಿಯುವುದಿಲ್ಲ. ಟೀಕಾಕಾರರ ಶ್ರಮದ ಬಗ್ಗೆ ನನಗೆ ಗೌರವವಿದೆ, ಆದರೆ ಮೃಗವನ್ನು ಮೃಗವಾಗಿಯೇ ಮೊದಲು ನೋಡಬೇಕು.

ಹೀಗೆ ಉಳಿಯುವುದೇನು, ಅಳಿಯುವುದೇನು ಎಂಬ ಪರೀಕ್ಷೆಯನ್ನು ನಮ್ಮ ಆಲಂಕಾರಿಕರು ಶಾಸ್ತ್ರವನ್ನಾಗಿಯೇ ಮಾಡಿದ್ದರು. ಕ್ರಿ.ಶ. 800ರ ಸುಮಾರಿನ ಕಾಶ್ಮೀರದ ವಾಮನ ‘ಶಬ್ದಪಾಕ’ ಎಂಬ ಮಾತನ್ನು ವಿವರಿಸುತ್ತಾನೆ. ಕವಿ ಒಂದು ಪದ ಇಡುತ್ತಾನೆ, ತೆಗೆಯುತ್ತಾನೆ, ಮತ್ತೆ ಇಡುತ್ತಾನೆ. ಯಾವಾಗ ಆ ಪದ ಇನ್ನು ಬದಲಾವಣೆಯನ್ನು ಸಹಿಸುವುದಿಲ್ಲವೋ ಆಗ ಪಾಕ ಬಂತು ಎಂದು ಅರ್ಥ. ಎರಡೂವರೆ ಶತಮಾನ ಕಳೆದ ಮೇಲೆ ಮಮ್ಮಟ ಅದೇ ಪರೀಕ್ಷೆಯನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದ. ಪದದ ಜಾಗದಲ್ಲಿ ಅದರ ಪರ್ಯಾಯಪದ ಇಟ್ಟಾಗ ಅಲಂಕಾರ ಉಳಿದರೆ ಅದು ಅರ್ಥಾಲಂಕಾರ, ಅಳಿದರೆ ಶಬ್ದಾಲಂಕಾರ. ಡುಂಡಿರಾಜರ ಹನಿಗವನಗಳನ್ನು ಓದಿ ನಕ್ಕವರಿಗೆಲ್ಲ ಇದು ಅನುಭವದಿಂದ ಗೊತ್ತು. ಆ ನಗು ನಿಂತಿರುವ ಒಂದು ಪದವನ್ನು ಅದರದೇ ಅರ್ಥದ ಇನ್ನೊಂದು ಪದದಿಂದ ಬದಲಾಯಿಸಿದರೆ ನಗುವೇ ಇರುವುದಿಲ್ಲ.

ಹೀಗೆ ಬದಲಾವಣೆ ಸಹಿಸದ ಪದಕ್ಕೆ ಶಾಸ್ತ್ರದಲ್ಲಿ ಬಹಳ ಪ್ರಸಿದ್ಧವಾದ ಉದಾಹರಣೆ ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದ್ದು. ಶಿವನಿಗಾಗಿ ತಪಸ್ಸು ಮಾಡುತ್ತಿರುವ ಪಾರ್ವತಿಯ ಮುಂದೆ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬಂದು ಶಿವನನ್ನು ಹಳಿಯುತ್ತಾನೆ. ಅವನನ್ನು ಸೇರಲು ಬಯಸಿ ಚಂದ್ರಕಲೆಯ ಜೊತೆಗೆ ನೀನೂ ಮರುಕಕ್ಕೆ ಪಾತ್ರಳಾದೆಯಲ್ಲ ಎಂಬ ಭಾವ. ಅಲ್ಲಿ ಶಿವನಿಗೆ ಕವಿ ಬಳಸುವ ಹೆಸರು ಕಪಾಲಿ, ತಲೆಬುರುಡೆ ಹಿಡಿದವನು. ಪಿನಾಕಿ ಎಂದೂ ಹೇಳಬಹುದಿತ್ತು, ಪಿನಾಕವೆಂಬ ಬಿಲ್ಲು ಹಿಡಿದವನು. ಎರಡೂ ಅವನವೇ ಹೆಸರು, ಶ್ಲೋಕದ ಆ ಜಾಗದಲ್ಲಿ ಎರಡಕ್ಕೂ ಲಘುಗುರುಗಳು ಒಂದೇ. ಛಂದಸ್ಸು ಬೇಡವೆನ್ನುವುದಿಲ್ಲ, ಅರ್ಥಕೋಶ ಬೇಡವೆನ್ನುವುದಿಲ್ಲ. ಆದರೆ ಬಿಲ್ಲು ಹಿಡಿದ ವೀರನನ್ನು ಬಯಸಿದವಳ ಮೇಲೆ ಯಾರು ಮರುಕಪಡುತ್ತಾರೆ? ಬುರುಡೆ ಹಿಡಿದವನನ್ನು ಬಯಸಿದರೆ ತಾನೇ ಆ ಮಾತು ಚುಚ್ಚುವುದು! ಆಲಂಕಾರಿಕರಾದ ಕುಂತಕ, ಮಮ್ಮಟ ಇಬ್ಬರೂ ಈ ಪದದ ಮುಂದೆ ನಿಂತು ತಲೆದೂಗಿದ್ದಾರೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟ ಹತ್ತಿದವರು ಅಲ್ಲಿ ಅದೇ ದೇವರನ್ನು ಗಂಗಾಧರೇಶ್ವರನೆಂದು ಕೂಗುತ್ತಾರೆ. ಕಲ್ಲುಬಂಡೆಯ ಮೈಯ ಆ ಬೆಟ್ಟದ ಮೇಲೆ ಭಕ್ತರ ಬಾಯಿಗೆ ಬರಬೇಕಾದ್ದು ನೀರು ಹೊತ್ತವನ ಹೆಸರೇ.

ನನ್ನ ಎರಡು ಸಾಲುಗಳ ಮೇಲೂ ಈ ಪರೀಕ್ಷೆ ಮಾಡಿದೆ. ಕೆರೆ ಎಂಬುದಕ್ಕೆ ಶಾಲೆಯ ಸಮಾನಾರ್ಥಕ ಪಟ್ಟಿಯಲ್ಲಿ ಕೊಳ ಎಂದಿರುತ್ತದೆ. ‘ಕೊಳದ ಏರಿಯ ಮೇಲೆ ನಡೆದೆನು’ ಎಂದು ಬದಲಾಯಿಸಿದರೆ ಮಾತ್ರೆ ಸರಿಹೋಗುತ್ತದೆ. ಆದರೆ ಈ ಕಡೆಯ ಯಾವ ರೈತರ ಮುಂದೆ ಬೇಕಾದರೂ ಇದನ್ನು ಓದಿ ನೋಡಿ, ಕೊಳಕ್ಕೆ ಎಲ್ಲಾದರೂ ಏರಿ ಇರುತ್ತದೆಯೇ ಎಂದು ಕೇಳಿಯೇ ಕೇಳುತ್ತಾರೆ. ಕೆರೆಗೆ ಏರಿ ಉಂಟು, ತೂಬು ಉಂಟು, ಕೋಡಿ ಉಂಟು, ಕೆಳಗೆ ಗದ್ದೆಯ ಬಯಲುಂಟು. ಕೊಳಕ್ಕೆ ಇರುವುದು ಮೆಟ್ಟಿಲು. ಮಳೆಯನ್ನೇ ನಂಬಿ, ಕೆರೆ ಕಟ್ಟಿಕೊಂಡು ಬಾಳಿದ ಸೀಮೆಯ ಭಾಷೆಯಲ್ಲಿ ಈ ಎರಡು ಪದಗಳು ಎಂದೂ ಒಂದಾಗಿರಲಿಲ್ಲ. ಇನ್ನು ಹೊತ್ತು ಎಂಬ ಕಡೆ ಕಾಲ ಎಂದಿಟ್ಟೆ. ‘ಕಾಲ ಕಳೆದೆನು’. ಮಾತ್ರೆ ಅಷ್ಟೇ, ಅರ್ಥವೂ ಅದೇ ಅನ್ನಿಸುತ್ತದೆ. ಆದರೆ ಹೊತ್ತು ಕಳೆದವನು ಒಂದು ಸಂಜೆ ಮರದ ಕೆಳಗೆ ಕೂತಿದ್ದವನು. ಕಾಲ ಕಳೆದವನ ಹಿಂದೆ ಇಡೀ ಒಂದು ಆಯುಷ್ಯದ ಆಯಾಸವಿದೆ. ಸಮಾನಾರ್ಥಕ ಪದಗಳು ಎಂಬ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ ಈ ವ್ಯತ್ಯಾಸವನ್ನು ಯಾರೂ ಹೇಳದೇ ಹೋಗುವುದು ನನಗೆ ಬಹಳ ನೋವಿನ ಸಂಗತಿ.

ಕನ್ನಡದ ಮೊದಲ ಶಾಸ್ತ್ರಗ್ರಂಥವೇ ಈ ಕೆಲಸವನ್ನು ಕಲಿಸಿಕೊಡುತ್ತದೆ ಎಂಬುದನ್ನು ಮರೆಯಬಾರದು. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗದಲ್ಲಿ ದೋಷವಿರುವ ಪದ್ಯ ಕೊಟ್ಟು, ಅದನ್ನೇ ತಿದ್ದಿ ತೋರಿಸುವ ಜಾಗಗಳಿವೆ. ಅಲ್ಲಿ ಶಿಷ್ಯ ಕಲಿಯುವುದು ಲಕ್ಷಣವನ್ನು ಬಾಯಿಪಾಠ ಮಾಡಿ ಅಲ್ಲ, ಬದಲಾದ ಪದವನ್ನು ಕಣ್ಣಾರೆ ನೋಡಿ. ಅಲ್ಲಿಂದ ಸುಮಾರು ನಾಲ್ಕು ಶತಮಾನ ಕಳೆದ ಮೇಲೆ ಬಂದ ಆಂಡಯ್ಯ ಇನ್ನೂ ದೂರ ಹೋದ. ಸಂಸ್ಕೃತದ ತತ್ಸಮ ಪದಗಳನ್ನು ಬಳಸದೆ, ದೇಸಿ ಮತ್ತು ತದ್ಭವಗಳಲ್ಲೇ ಇಡೀ ಕಾವ್ಯ ಬರೆಯುತ್ತೇನೆಂದು ಪಣ ತೊಟ್ಟು ‘ಕಬ್ಬಿಗರ ಕಾವ’ ಬರೆದ. ಶಿವನ ವಶದಲ್ಲಿದ್ದ ಚಂದ್ರನಿಗಾಗಿ ಕಾಮ ಶಿವನ ಮೇಲೇ ಯುದ್ಧಕ್ಕೆ ಹೋಗಿ ಗೆಲ್ಲುವ ಕಥೆ ಅದು. ಪೆರೆಕ್ ಬಿಟ್ಟದ್ದು ಒಂದು ಅಕ್ಷರ; ಆಂಡಯ್ಯ ಬಿಟ್ಟದ್ದು ತನ್ನ ಕಾಲದ ಕವಿಗಳ ಶಬ್ದಭಂಡಾರದ ದೊಡ್ಡ ಪಾಲು. ಅದೂ ಏಳು ಶತಮಾನ ಮೊದಲು. ಕಟ್ಟುಪಾಡಿನ ಬರವಣಿಗೆಯ ಜಗತ್ತಿನ ಚರಿತ್ರೆ ಬರೆಯುವವರು ಆಂಡಯ್ಯನ ಹೆಸರಿಗೆ ಒಂದು ಅಧ್ಯಾಯ ಕೊಡಬೇಕು. ಕೊಡಿಸುವ ಕೆಲಸ ನಮ್ಮದು.

ಅವಧಾನಕ್ಕೆ ಹೋಗಿ ಕೂತವರು ಇದೇ ವಿದ್ಯೆಯನ್ನು ಸಭೆಯ ನಡುವೆ, ಬಿಸಿಬಿಸಿಯಾಗಿ ನೋಡಿರುತ್ತಾರೆ. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಅವಧಾನದಲ್ಲಿ ನಿಷೇಧಾಕ್ಷರಿ ಎಂಬ ಅಂಗವಿದೆ. ಅವಧಾನಿ ಒಂದು ಅಕ್ಷರ ಹೇಳಿದ ಕೂಡಲೇ ಎದುರಿಗೆ ಕೂತ ಪೃಚ್ಛಕರು ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನು ಬೇಡವೆನ್ನುತ್ತಾರೆ. ಮನಸ್ಸಿನಲ್ಲಿದ್ದ ಪದವನ್ನು ಅಲ್ಲೇ ಬಿಟ್ಟು ಬೇರೆ ಪದಕ್ಕೆ ಹೊರಳಬೇಕು, ಅರ್ಥ ಕೆಡಬಾರದು, ಛಂದಸ್ಸು ಮುರಿಯಬಾರದು. ದತ್ತಪದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪದ ಕೊಡುತ್ತಾರೆ, ಬಹಳ ಸಲ ಬೇರೆ ಭಾಷೆಯವು. ಆ ಸದ್ದುಗಳು ಪದ್ಯದೊಳಗೆ ಬರಬೇಕು, ಆದರೆ ಕನ್ನಡದ ಅರ್ಥದಲ್ಲಿ ಬರಬೇಕು. ನೆಲಮಂಗಲದ ಹೆದ್ದಾರಿಯಲ್ಲಿ ವಾಹನಗಳ ಸಾಲಿನೊಳಗೆ ಸಿಕ್ಕಿಕೊಂಡು ಕೂತಿದ್ದಾಗ ನಾನೇ ಕಾರು, ಲಾರಿ, ಆಟೋ, ಬಸ್ಸು ಎಂಬ ನಾಲ್ಕನ್ನು ದತ್ತಪದಿಯಾಗಿ ಇಟ್ಟುಕೊಂಡೆ. ಕಾರು ‘ಕಾರುಣ್ಯ’ದೊಳಗೆ ಹೊಕ್ಕಿತು. ಲಾರಿ ‘ಮೈಲಾರಿ’ಯೊಳಗೆ, ಆಟೋ ‘ಆಟೋಪ’ದೊಳಗೆ. ಬಸ್ಸಿಗೆ ಜಾಗ ಹುಡುಕುವ ಕೆಲಸವನ್ನು ಓದುಗರಿಗೆ ಬಿಟ್ಟಿದ್ದೇನೆ.

ಪದ ಬದಲಾವಣೆ ಆಟವಾಗಿ ಉಳಿಯದೆ ನ್ಯಾಯಾಲಯದವರೆಗೆ ಹೋದ ಸಂದರ್ಭವೂ ನಮ್ಮ ಕಾವ್ಯಕ್ಕೆ ಬಂದಿದೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳನ್ನು ‘ವಚನ ದೀಪ್ತಿ’ಯಾಗಿ ಪ್ರಕಟಿಸಿದಾಗ ‘ಕೂಡಲಸಂಗಮದೇವ’ ಎಂಬ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಹಾಕಿದರು. ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಸರ್ಕಾರದ ಆದೇಶವನ್ನೇ ಅದು ಎತ್ತಿಹಿಡಿಯಿತು. ಪುಸ್ತಕಗಳನ್ನು ಮುಟ್ಟುಗೋಲು ಹಾಕುವುದು ನನಗೆ ಒಪ್ಪಿಗೆಯ ದಾರಿಯಲ್ಲ. ಆದರೆ ಪದ್ಯದ ನ್ಯಾಯ ಬೇರೆ. ವಚನವೊಂದರ ಉಸಿರು ಹೋಗಿ ನಿಲ್ಲುವುದು ಅಂಕಿತದಲ್ಲಿ. ಕೂಡಲಸಂಗಮ ಎಂದರೆ ಎರಡು ನದಿ ಸೇರುವ ಒಂದು ಊರು, ಬಸವಣ್ಣ ಎಳೆಯ ಪ್ರಾಯ ಕಳೆದ ಜಾಗ, ಅವರ ನೆನಪು. ಆ ಪದವನ್ನು ತೆಗೆದರೆ ನದಿಯೂ ಊರೂ ಅವರ ಪ್ರಾಯವೂ ಹೋಗುತ್ತವೆ. ವಾಮನ ಹೇಳಿದ ಪಾಕ ಬಂದ ಪದ ಅದು, ಜಾಗ ಬಿಟ್ಟುಕೊಡುವುದಿಲ್ಲ.

ಆಡಳಿತಕ್ಕೆ ಇಂಥ ಹಿಂಜರಿಕೆ ಇರುವುದಿಲ್ಲ. 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಒಪ್ಪಿತು. ಆರು ಮಾತ್ರೆಯ ಪದ ಹೋಗಿ ನಾಲ್ಕು ಮಾತ್ರೆಯ ಪದ. ಹಳೆಯ ಹೆಸರಿನೊಳಗೆ ಗ್ರಾಮವಿತ್ತು, ಹೊಸದರಲ್ಲಿ ದಿಕ್ಕಿದೆ. ನನಗೆ ಗ್ರಾಮವೇ ಬೇಕಾಗಿತ್ತು.

ಕವಿತೆ ಬರೆಯಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ, ಅವರಿಗೆ ಪಾಠ ಹೇಳುವ ಮೇಷ್ಟ್ರು ಮೇಡಂಗಳಿಗೆ ನನ್ನದೊಂದು ಬೇಡಿಕೆ. ದೊಡ್ಡ ಕವಿಗಳ ಸಾಲನ್ನು ತೆಗೆದುಕೊಳ್ಳಬೇಡಿ, ನಿಮ್ಮದೇ ಎರಡು ಸಾಲು ಬರೆಯಿರಿ. ಮಾತ್ರೆ ಎಣಿಸಿ. ಒಂದೊಂದೇ ನಾಮಪದವನ್ನು ಎತ್ತಿ ನಿಘಂಟಿನ ನೆರೆಮನೆಯ ಪದವನ್ನು ಅಲ್ಲಿಟ್ಟು ನೋಡಿ, ಆಮೇಲೆ ಅದರ ಸಮಾನಾರ್ಥಕವನ್ನು ಇಟ್ಟು ನೋಡಿ, ಕೊನೆಗೆ ನಿಮ್ಮ ಊರಿನವರು ಬಳಸುವ ಪದವನ್ನು ಇಟ್ಟು ನೋಡಿ. ಪ್ರತಿಸಲವೂ ಗಟ್ಟಿಯಾಗಿ ಓದಿ, ಕಿವಿ ಒಪ್ಪಬೇಕು. ಯಾವ ಪದ ಎಷ್ಟು ಸಲ ಎಬ್ಬಿಸಿದರೂ ಎದ್ದು ಹೋಗುವುದಿಲ್ಲವೋ ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಕವಿತೆಯನ್ನು ಆ ಪದದಿಂದಲೇ ಶುರು ಮಾಡಿ.